ಅಲುಗುವುದು ಅವಯವವೋ ಅವಯವಿಯೋ

ಕೈ ಅಲುಗಿದಾಗ ದೇಹವೂ ಅಲುಗಿತೆನ್ನಬೇಕೆ, ಅಥವಾ ಕೈ ಮಾತ್ರ ಅಲುಗಿತು, ದೇಹ ನಿಶ್ಚಲವಾಗಿಯೇ ಇತ್ತು ಎನ್ನಬೇಕೆ ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಹಲವು ಶತಮಾನಗಳ ಕಾಲ ಗಂಭೀರ ವಾದಕ್ಕೆ ವಸ್ತುವಾಗಿತ್ತು. ಒಂದು ವಸ್ತುವಿನ ಭಾಗಕ್ಕೆ ಅವಯವವೆಂದೂ, ಅಂಥ ಭಾಗಗಳು ಕೂಡಿದಾಗ ಅವುಗಳಿಗಿಂತ ಬೇರೆಯಾಗಿ ಹುಟ್ಟುವ ಇಡಿಯ ವಸ್ತುವಿಗೆ ಅವಯವಿಯೆಂದೂ ಹೆಸರು. ಅಂಥ ಇಡಿಯೊಂದು ನಿಜವಾಗಿಯೂ ಇದೆಯೆಂದು ನ್ಯಾಯ ಮತ್ತು ವೈಶೇಷಿಕ ದರ್ಶನಗಳವರು ಪಟ್ಟು ಹಿಡಿದರೆ, ಭಾಗಗಳ ಗುಂಪನ್ನೇ ಜನರು ವ್ಯವಹಾರಕ್ಕಾಗಿ ಒಂದೆಂದು ಕರೆಯುತ್ತಾರೆ, ಅದಕ್ಕಿಂತ ಹೆಚ್ಚಿನದು ಅಲ್ಲೇನೂ ಇಲ್ಲವೆಂದು ಬೌದ್ಧರು ಅಲ್ಲಗಳೆದರು. ತರ್ಕದ ಪಾಠಗಳಲ್ಲಿ ಈ ವಾದ ಬಟ್ಟೆ ಮತ್ತು ನೂಲು, ಮಡಕೆ ಮತ್ತು ಅದರ ಹೋಳುಗಳೆಂಬ ಹಳೆಯ ಉದಾಹರಣೆಗಳಲ್ಲಿಯೇ ನಿಂತುಬಿಟ್ಟಿರುವುದರಿಂದ, ಅದು ಬದುಕಿನೊಡನೆ ಸಂಬಂಧ ಕಳೆದುಕೊಂಡ ಪಂಡಿತರ ಜಗಳವೆಂಬ ಭಾವನೆ ಬೆಳೆದಿದೆ. ಈ ಭಾವನೆ ಸರಿಯಲ್ಲ. ಕಚ್ಚಾ ದಾರಿಗೆಂದು ಮಾಡಿದ ಬೈಕೊಂದರ ಹಿಂದಿನ ಮಡ್‌ಗಾರ್ಡ್ ಸಡಿಲಗೊಂಡು ತೊನೆದಾಡತೊಡಗಿದಾಗ, ಅದನ್ನು ಸರಿಪಡಿಸಲು ಕೂರುವವನ ಎದುರಿಗೆ ಇರುವುದು ಇದೇ ಪ್ರಶ್ನೆ. ಅವನು ಅದಕ್ಕೆ ಕೊಡುವ ಉತ್ತರದಲ್ಲಿ ಶಾಸ್ತ್ರಗಳು ಗಮನಿಸದೆ ಬಿಟ್ಟ ಒಂದು ಅಂಶವೂ ಇದೆ.

ದಾವಣಗೆರೆ ಜಿಲ್ಲೆಯ ಹೊನ್ನಾಳಿ–ನ್ಯಾಮತಿ ಸೀಮೆಯಲ್ಲಿ, ತುಂಗಭದ್ರೆಯ ಬಯಲಿಗೆ ಸೇರಿದ ಗೋವಿನಕೋವಿಯಂಥ ಊರುಗಳ ಸುತ್ತ, ಡಾಂಬರು ಮುಗಿದ ಮೇಲೂ ದಾರಿ ಮುಗಿಯುವುದಿಲ್ಲ. ಹೊಲದ ದಾರಿ, ಕಾಲುವೆಯ ಏರಿ, ಹೊಳೆಗೆ ಇಳಿಯುವ ಬಂಡಿಜಾಡು ಇವೆಲ್ಲ ಮಳೆಗಾಲದಲ್ಲಿ ಕೆಸರಾಗಿ, ಬೇಸಿಗೆಯಲ್ಲಿ ಗಟ್ಟಿ ಹೆಂಟೆಗಳಾಗಿ ವಾಹನಗಳನ್ನು ಪರೀಕ್ಷಿಸುತ್ತವೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿಯೂ ಹೀರೋ ಎಕ್ಸ್‌ಪಲ್ಸ್ 200 ಬೈಕು 2019ರಲ್ಲಿಯೂ ಮಾರುಕಟ್ಟೆಗೆ ಬಂದ ಮೇಲೆ, ಮೊದಲು ಪಟ್ಟಣದ ಹವ್ಯಾಸಿಗಳಿಗಷ್ಟೇ ಪರಿಚಿತವಾಗಿದ್ದ ಈ ಬಗೆಯ ಬೈಕು ಹಳ್ಳಿಯ ದಾರಿಗೂ ಬಂದಿದೆ. ಇಂಥ ಬೈಕುಗಳಲ್ಲಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ದೊಡ್ಡ ಅಂತರವಿರಲೇಬೇಕು. ಅಂತರ ಕಡಿಮೆಯಾದರೆ ಟಯರಿಗೆ ಅಂಟಿ ಮೇಲೇರಿದ ಎರೆಮಣ್ಣು ಅಲ್ಲಿಯೇ ಗಿಡಿದುಕೊಂಡು ಚಕ್ರವನ್ನು ಹಿಡಿದು ನಿಲ್ಲಿಸಿಬಿಡುತ್ತದೆ, ಅಲ್ಲದೆ ಗುಂಡಿಗೆ ಬಿದ್ದಾಗ ಷಾಕ್ ಅಬ್ಸಾರ್ಬರ್ ಕುಗ್ಗಿ ಚಕ್ರ ಮೇಲೆದ್ದರೆ ಅದಕ್ಕೆ ಜಾಗ ಸಿಗುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳ ಮಡ್‌ಗಾರ್ಡ್ ಉಕ್ಕಿನ ತಗಡಿನದಾಗಿದ್ದು, ಚಕ್ರದ ಬಾಗನ್ನೇ ಅನುಸರಿಸಿ ಅದಕ್ಕೆ ಹತ್ತಿರವಾಗಿ ಇಳಿಯುತ್ತಿತ್ತು. ಕಚ್ಚಾ ದಾರಿಯ ಬೈಕಿನಲ್ಲಿ ಅದು ಪಾಲಿಪ್ರೊಪಿಲೀನ್ ಎಂಬ ಬಾಗುವ ಪ್ಲಾಸ್ಟಿಕ್ಕಿನದು. ಸೀಟಿನ ಕೆಳಗಿನ ಹಿಂಚೌಕಟ್ಟಿಗೆ, ಅಂದರೆ ಸಬ್‌ಫ್ರೇಮಿಗೆ, ನಾಲ್ಕಾರು ಬೋಲ್ಟುಗಳಿಂದ ಬಿಗಿದಿರುವ ಅದರ ಬುಡಕ್ಕೆ ಮಾತ್ರ ಆಧಾರವಿದ್ದು, ಉಳಿದ ಉದ್ದವೆಲ್ಲ ಮನೆಯ ಮುಂದಿನ ಸಜ್ಜದಂತೆ ಗಾಳಿಯಲ್ಲಿ ಹೊರಚಾಚಿರುತ್ತದೆ. ಆ ಚಾಚಿದ ತುದಿಯಲ್ಲಿಯೇ ನಂಬರ್ ಪ್ಲೇಟು, ಬ್ರೇಕ್ ಲೈಟು, ಇಂಡಿಕೇಟರುಗಳು ಕೂತಿರುವುದರಿಂದ, ತುದಿಯ ಅಲ್ಪ ಭಾರವೂ ಉದ್ದದಿಂದ ಗುಣಿಸಲ್ಪಟ್ಟು ಬುಡದ ಬೋಲ್ಟುಗಳ ಮೇಲೆ ಬೀಳುತ್ತದೆ.

ಹೀಗಾಗಿ ಮಡ್‌ಗಾರ್ಡ್ ತೊನೆಯುತ್ತದೆ. ತೊನೆಯುತ್ತಿರುವುದು ಏನು ಎಂಬುದನ್ನು ತಿಳಿಯಲು ಅನುಭವಿ ಮೆಕ್ಯಾನಿಕ್ ಮೊದಲು ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದಿಲ್ಲ. ಬೈಕನ್ನು ಸ್ಟ್ಯಾಂಡಿಗೆ ಹಾಕಿ, ಮಡ್‌ಗಾರ್ಡಿನ ತುದಿಯನ್ನು ಒಂದು ಕೈಯಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸುತ್ತಾ, ಇನ್ನೊಂದು ಕೈಯ ಬೆರಳನ್ನು ಬುಡದ ಬೋಲ್ಟಿನ ಮೇಲೆ, ಪ್ಲಾಸ್ಟಿಕ್ಕೂ ಕಬ್ಬಿಣವೂ ಕೂಡುವ ಗೆರೆಯ ಮೇಲೆ ಇಟ್ಟಿರುತ್ತಾನೆ. ತುದಿಯನ್ನು ಎತ್ತಿದಾಗ ಸೀಟಿನ ಹಿಂಭಾಗವೂ ಷಾಕಿನ ಮೇಲೆ ಎದ್ದರೆ ಜೋಡಣೆ ಗಟ್ಟಿಯಾಗಿದೆಯೆಂದು ಅರ್ಥ. ತುದಿ ಎದ್ದು, ಬೆರಳಿನ ಕೆಳಗೆ ಕಟ್ಟೆಂಬ ಸಣ್ಣ ಸದ್ದಿನೊಡನೆ ಗೆರೆ ಬಿಚ್ಚಿ ಮುಚ್ಚಿದರೆ ಬುಡದಲ್ಲಿ ಪ್ಲೇ ಬಂದಿದೆಯೆಂದು, ಅಂದರೆ ಇರಬಾರದ ಎಡೆ ಉಂಟಾಗಿದೆಯೆಂದು ಅರ್ಥ. ಬೋಲ್ಟಿನ ತೂತಿನ ಸುತ್ತ ಕಪ್ಪು ಪ್ಲಾಸ್ಟಿಕ್ ಬೆಳ್ಳಗೆ ಮಸುಕಾಗಿ ಉಂಗುರ ಕಟ್ಟಿದ್ದರೆ, ಅದು ಮತ್ತೆ ಮತ್ತೆ ಬಾಗಿ ದಣಿದಿದೆ, ಸೀಳು ಬಿಡಲು ಹೆಚ್ಚು ಕಾಲವಿಲ್ಲ ಎಂಬುದರ ಗುರುತು.

ಈ ಕೈಪರೀಕ್ಷೆಗೆ ಗೌತಮನ ನ್ಯಾಯಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಬೆರಗುಗೊಳಿಸುವಷ್ಟು ನೇರವಾದ ಪೂರ್ವರೂಪವಿದೆ. ಅವಯವಿ ಇದೆಯೆನ್ನಲು ಅಲ್ಲಿ ಕೊಟ್ಟಿರುವ ಕಾರಣಗಳಲ್ಲಿ ಒಂದು ಧಾರಣ ಮತ್ತು ಆಕರ್ಷಣ, ಎಂದರೆ ಹಿಡಿಯುವುದು ಮತ್ತು ಎಳೆಯುವುದು: ವಸ್ತುವಿನ ಒಂದು ಕಡೆಯನ್ನು ಹಿಡಿದರೆ ಇಡೀ ವಸ್ತು ಹಿಡಿತಕ್ಕೆ ಬರುತ್ತದೆ, ಒಂದು ಕಡೆ ಎಳೆದರೆ ಇಡೀ ವಸ್ತು ಬರುತ್ತದೆ, ಆದ್ದರಿಂದ ಅದು ಬರಿಯ ಗುಂಪಲ್ಲ ಎಂಬುದು ವಾದ. ಇದಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ತನ್ನ ಪಕ್ಷದ್ದೇ ಆದ ಈ ವಾದವನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲವೆಂಬುದು ಆತನ ಪ್ರಾಮಾಣಿಕತೆಗೆ ಸಾಕ್ಷಿ. ಅರಗಿನಿಂದ ಅಂಟಿಸಿದ ಹುಲ್ಲು, ಕಲ್ಲು, ಕಟ್ಟಿಗೆಗಳೂ ಒಂದನ್ನು ಎಳೆದರೆ ಒಟ್ಟಿಗೇ ಬರುತ್ತವೆ, ಅವುಗಳಿಂದ ಹೊಸ ಅವಯವಿಯೊಂದು ಹುಟ್ಟಿತೆಂದು ಯಾರೂ ಹೇಳುವುದಿಲ್ಲ. ಹಾಗೆಯೇ ಧೂಳಿನ ರಾಶಿಯನ್ನು ಹಿಡಿದೆಳೆದರೆ ರಾಶಿ ಬರುವುದಿಲ್ಲ. ಹೀಗಾಗಿ ಹಿಡಿದಾಗ ಒಟ್ಟಿಗೆ ಬರುವುದಕ್ಕೆ ಕಾರಣ ಅವಯವಿಯಲ್ಲ, ಸಂಗ್ರಹವೆಂಬ ಬೇರೊಂದು ಗುಣ ಎಂದು ಆತ ವಿವರಿಸುತ್ತಾನೆ. ಸಂಗ್ರಹವೆಂದರೆ ಕೂಡುವಿಕೆಯ ಜೊತೆಗೆ ಬರುವ ಹಿಡಿತ. ಹಸಿ ಮಡಕೆಯಲ್ಲಿ ಅದು ನೀರಿನಿಂದ, ಸುಟ್ಟ ಮಡಕೆಯಲ್ಲಿ ಬೆಂಕಿಯಿಂದ ಉಂಟಾಗುತ್ತದೆ. ಬೋಲ್ಟಿನಿಂದ ಬಂದ ಹಿಡಿತವನ್ನು ಈ ಸಾಲಿಗೆ ಸೇರಿಸಲು ಯಾವ ಅಡ್ಡಿಯೂ ಇಲ್ಲ.

ಇಂಥ ವಿಚಾರ ಈ ನೆಲಕ್ಕೆ ಹೊರಗಿನದಲ್ಲ. ಹೊನ್ನಾಳಿಗೆ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕಾಳಾಮುಖ ಶೈವರ ಕೋಡಿಯಮಠವಿತ್ತು. 1162ರ ಅಲ್ಲಿನ ಶಾಸನ ಆ ಮಠವನ್ನು ವ್ಯಾಕರಣಗಳಿಗೂ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳಿಗೂ ವ್ಯಾಖ್ಯಾನ ನಡೆಯುವ ಸ್ಥಳವೆಂದು ಹೊಗಳುತ್ತದೆ. ಶೈವರ ಮಠದಲ್ಲಿ ಬೌದ್ಧ ತರ್ಕಕ್ಕೂ ವ್ಯಾಖ್ಯಾನವಿತ್ತೆಂಬುದು, ಹಸಿದವರಿಗೂ ರೋಗಿಗಳಿಗೂ ಅದೇ ಮಠದಲ್ಲಿ ಆಸರೆಯಿತ್ತೆಂಬುದು, ಇವೆರಡನ್ನೂ ಒಂದೇ ಶಾಸನ ಒಂದೇ ಉಸಿರಿನಲ್ಲಿ ಹೇಳುವುದು ಇಂದು ನೆನೆಯತಕ್ಕ ಸಂಗತಿ.

ಬೌದ್ಧರ ಪಕ್ಷವನ್ನು ಅತ್ಯಂತ ಹರಿತವಾಗಿ ಮಂಡಿಸಿದವನು ಏಳನೆಯ ಶತಮಾನದ ಧರ್ಮಕೀರ್ತಿ. ರಥದ ಚಕ್ರ, ಅಚ್ಚು, ನೊಗಗಳಲ್ಲಿ ಯಾವುದೂ ರಥವಲ್ಲ, ಅವುಗಳ ಹೊರಗೂ ರಥವಿಲ್ಲವೆಂದು ಗ್ರೀಕ್ ಅರಸ ಮಿಲಿಂದನಿಗೆ ಭಿಕ್ಷು ನಾಗಸೇನ ತೋರಿಸಿಕೊಟ್ಟ ಸಂವಾದ ಎಲ್ಲರಿಗೂ ಗೊತ್ತಿರುವಂಥದು. ಧರ್ಮಕೀರ್ತಿಯ ದಾರಿ ಅದಕ್ಕಿಂತ ಕಠಿಣವಾದದ್ದು. ಪ್ರಮಾಣವಾರ್ತಿಕವೆಂಬ ಗ್ರಂಥದಲ್ಲಿ ಆತ ಮೂರು ಆಕ್ಷೇಪಗಳನ್ನು ಒಟ್ಟಿಗೆ ಎತ್ತುತ್ತಾನೆ. ಅವಯವಿ ಒಂದೇ ಆಗಿದ್ದು ತನ್ನ ಎಲ್ಲ ಅವಯವಗಳಲ್ಲಿಯೂ ಇರುವುದಾದರೆ, ಕೈ ಅಲುಗಿದಾಗ ಅದು ಪೂರ್ತಿಯಾಗಿ ಅಲುಗಬೇಕು. ಒಂದು ಭಾಗವನ್ನು ಮುಚ್ಚಿದಾಗ ಅದು ಪೂರ್ತಿಯಾಗಿ ಮರೆಯಾಗಬೇಕು. ಒಂದು ಭಾಗಕ್ಕೆ ಬಣ್ಣ ಹಚ್ಚಿದಾಗ ಅದಕ್ಕೆ ಪೂರ್ತಿಯಾಗಿ ಬಣ್ಣ ಬರಬೇಕು. ಹಾಗೆ ಆಗುವುದಿಲ್ಲವಾದ್ದರಿಂದ, ಒಂದೇ ವಸ್ತು ಅಲುಗುತ್ತಲೂ ಅಲುಗದೆಯೂ ಇದೆಯೆನ್ನಬೇಕಾಗುತ್ತದೆ, ಇದು ಸ್ವವಿರೋಧ. ನೈಯಾಯಿಕರು ಇದಕ್ಕೆ ಕೊಟ್ಟ ಉತ್ತರ ಸರಳವಾದದ್ದು: ಅವಯವ ಬೇರೆ, ಅವಯವಿ ಬೇರೆ, ಅಲುಗಾಟವಿರುವುದು ಕೈಯಲ್ಲಿ, ಅಲುಗದಿರುವುದು ದೇಹ, ಎರಡು ವಸ್ತುಗಳಲ್ಲಿ ಎರಡು ಸ್ಥಿತಿಗಳಿದ್ದರೆ ವಿರೋಧವೆಲ್ಲಿ?

ಬೈಕನ್ನು ಎದುರಿಗಿಟ್ಟುಕೊಂಡು ನೋಡಿದರೆ ಎರಡೂ ಪಕ್ಷಗಳ ಬಲ ಮತ್ತು ದೌರ್ಬಲ್ಯಗಳು ಸ್ಪಷ್ಟವಾಗುತ್ತವೆ. ಎಂಜಿನ್ನಿನ ವೇಗ ಒಂದು ಮಟ್ಟಕ್ಕೆ ಬಂದಾಗ, ಅದರ ಕಂಪನವೂ ಮಡ್‌ಗಾರ್ಡ್ ತಾನಾಗಿ ತೊನೆಯುವ ಗತಿಯೂ ಒಂದಾಗಿಬಿಡುವುದರಿಂದ, ಮಡ್‌ಗಾರ್ಡಿನ ತುದಿ ಕಣ್ಣಿಗೆ ಮಸುಕಾಗುವಷ್ಟು ನಡುಗುತ್ತದೆ. ಆಗ ಹ್ಯಾಂಡಲ್ ಹಿಡಿದು ಕೂತವನಿಗೆ ಏನೂ ತಿಳಿಯದಿರಬಹುದು. ಇಲ್ಲಿ ನೈಯಾಯಿಕನ ಮಾತು ಸರಿ, ಅಲುಗುತ್ತಿರುವುದು ಅವಯವ, ಬೈಕಲ್ಲ. ಆದರೆ ಆ ನಡುಕ ಹುಟ್ಟಿದ್ದು ಮಡ್‌ಗಾರ್ಡಿನಲ್ಲಲ್ಲ, ಮುಂದೆ ಇರುವ ಎಂಜಿನ್ನಿನಲ್ಲಿ. ಅದು ಚೌಕಟ್ಟಿನ ಮೂಲಕ ಹಾದು, ಎಲ್ಲಿ ಬಿಗಿ ಕಡಿಮೆಯೋ ಅಲ್ಲಿ ಕಾಣಿಸಿಕೊಂಡಿದೆ. ಅಲುಗಾಟ ಯಾವ ಒಂದು ಭಾಗದ ಸ್ವತ್ತೂ ಅಲ್ಲವೆಂಬ ಈ ಅರಿವು ಬೌದ್ಧರ ಕಾರಣಪರಂಪರೆಯ ವಿವರಣೆಗೆ ಹತ್ತಿರವಾದದ್ದು. ಇನ್ನು, ಸಡಿಲಗೊಂಡ ಜೋಡಣೆಯೆಂಬುದು ಎರಡೂ ಪಕ್ಷಗಳಿಗೆ ಕಷ್ಟ ಕೊಡುವ ಸ್ಥಿತಿ. ವೈಶೇಷಿಕರ ಲೆಕ್ಕದಲ್ಲಿ ಬೇರೆ ಬೇರೆ ವಸ್ತುಗಳು ಕೂಡುವುದು ಸಂಯೋಗ, ಅಗಲುವುದು ವಿಭಾಗ. ಸಡಿಲವಾದ ಸಂಯೋಗವೊಂದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಅದನ್ನು ಅವರು ಪ್ರಚಯವೆಂದು ಕರೆದು, ಹತ್ತಿಯ ಉಂಡೆ ದೊಡ್ಡದಾಗಿ ಕಾಣುವುದಕ್ಕೆ ಅದನ್ನೇ ಕಾರಣವೆಂದರು. ಆದರೆ ಸಡಿಲವೆಂಬುದು ಅವರಿಗೆ ಗಾತ್ರದ ಪ್ರಶ್ನೆಯಾಯಿತೇ ಹೊರತು ಕೆಡುವಿಕೆಯ ಪ್ರಶ್ನೆಯಾಗಲಿಲ್ಲ. ಕೂಡಿದ್ದೂ ಕೂಡದಂತಿರುವ, ಪ್ರತಿ ಗುಂಡಿಗೂ ಬಿಚ್ಚಿ ಮುಚ್ಚುವ ಜೋಡಣೆಯೊಂದರಲ್ಲಿ ಅವಯವಿ ಇದೆಯೋ ಇಲ್ಲವೋ ಎಂದು ಕೇಳಿದ ಕೂಡಲೇ, ಇಡಿತನವೆಂಬುದು ಹೆಚ್ಚುಕಡಿಮೆಯಾಗಬಲ್ಲದು, ಅದಕ್ಕೆ ಆರೋಗ್ಯವೂ ಅನಾರೋಗ್ಯವೂ ಉಂಟು ಎಂದು ಒಪ್ಪಬೇಕಾಗುತ್ತದೆ. ವಾತ್ಸ್ಯಾಯನನ ಸಂಗ್ರಹವನ್ನು ಇಲ್ಲಿಯವರೆಗೆ ಎಳೆದು ತರುವುದು ಸಾಧ್ಯವಿತ್ತು. ಮಧ್ಯಯುಗದ ನೈಯಾಯಿಕರು ಆ ದಾರಿಯನ್ನು ಹಿಡಿದಿದ್ದರೆ ವಾದ ಬೇರೆ ತಿರುವು ಪಡೆಯುತ್ತಿತ್ತು.

ಸಡಿಲವಾಗುವುದನ್ನೂ ಬಾಗುವುದನ್ನೂ ಒಂದೆಂದು ತಿಳಿಯುವುದು ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ತಪ್ಪು, ಮತ್ತು ಇಲ್ಲಿ ವೈಶೇಷಿಕ ದರ್ಶನ ನಿಜವಾಗಿಯೂ ನೆರವಿಗೆ ಬರುತ್ತದೆ. ಆ ದರ್ಶನದ ಪ್ರಮುಖ ಗ್ರಂಥವನ್ನು ರಚಿಸಿದ ಪ್ರಶಸ್ತಪಾದನು ಸಂಸ್ಕಾರವೆಂಬ ಗುಣವನ್ನು ಮೂರಾಗಿ ವಿಂಗಡಿಸುತ್ತಾನೆ: ಚಲಿಸುವ ವಸ್ತುವಿನ ವೇಗ, ಮನಸ್ಸಿನಲ್ಲಿ ಉಳಿಯುವ ಭಾವನೆ, ಮೂರನೆಯದು ಸ್ಥಿತಿಸ್ಥಾಪಕ. ಬಾಗಿಸಿದ ವಸ್ತುವನ್ನು ಮೊದಲಿದ್ದ ಸ್ಥಿತಿಗೆ ಮರಳಿಸುವ ಗುಣವೇ ಸ್ಥಿತಿಸ್ಥಾಪಕ; ಬಿಲ್ಲು, ಮರದ ಕೊಂಬೆ, ಕೋಡು, ದಂತ, ಮೂಳೆ, ನೂಲು, ಬಟ್ಟೆಗಳಲ್ಲಿ ಅದು ಕಾಣುತ್ತದೆಂದು ಆತ ಹೇಳುತ್ತಾನೆ. ಮಡ್‌ಗಾರ್ಡಿನ ಪ್ಲಾಸ್ಟಿಕ್ ಇದೇ ಗುಣಕ್ಕಾಗಿ ಆಯ್ದದ್ದು. ಬೈಕು ಉರುಳಿ ಬಿದ್ದಾಗ, ಪೊದೆಗೋ ಏರಿಗೋ ತುದಿ ತಾಗಿದಾಗ ಅದು ಬಾಗಿ ಮರಳುತ್ತದೆ; ಹಾಗೆ ಬಾಗದಿದ್ದರೆ ಮುರಿಯುತ್ತದೆ, ಇಲ್ಲವೆ ಪೆಟ್ಟನ್ನು ಸಬ್‌ಫ್ರೇಮಿಗೆ ದಾಟಿಸಿ ಅದನ್ನೇ ಬಗ್ಗಿಸುತ್ತದೆ. ಆದ್ದರಿಂದ ಬಾಗುವುದು ಆ ಅವಯವದ ಗುಣ, ಸಡಿಲವಾಗುವುದು ಸಂಯೋಗದ ದೋಷ. ಈ ಎರಡರ ನಡುವಿನ ಗೆರೆಯನ್ನು ಕಾಣದವನು, ಅಲುಗಾಟವನ್ನೆಲ್ಲ ಶತ್ರುವೆಂದು ಬಗೆದು, ಮಡ್‌ಗಾರ್ಡಿನ ಉದ್ದಕ್ಕೂ ದಪ್ಪನೆಯ ಕಬ್ಬಿಣದ ಪಟ್ಟಿಯನ್ನು ವೆಲ್ಡ್ ಮಾಡಿಸಿ ಬಿಗಿದುಬಿಡುತ್ತಾನೆ. ಆಗ ತುದಿ ನಿಲ್ಲುತ್ತದೆ, ಆದರೆ ಪಟ್ಟಿ ಮುಗಿಯುವ ಜಾಗದಲ್ಲಿ ಪ್ಲಾಸ್ಟಿಕ್ ಸೀಳುತ್ತದೆ, ಏಕೆಂದರೆ ಹಿಂದೆ ಇಡೀ ಉದ್ದಕ್ಕೆ ಹಂಚಿಹೋಗುತ್ತಿದ್ದ ಬಾಗು ಈಗ ಒಂದೇ ಗೆರೆಯ ಮೇಲೆ ಬೀಳುತ್ತದೆ.

ಸರಿಯಾದ ಕೆಲಸ ಬುಡದಿಂದ ಆರಂಭವಾಗುತ್ತದೆ. ಬೋಲ್ಟುಗಳನ್ನು ಬಿಚ್ಚಿ ನೋಡಿದಾಗ, ಪ್ಲಾಸ್ಟಿಕ್ಕಿನ ತೂತಿನೊಳಗೆ ಇರಬೇಕಾದ ಕಬ್ಬಿಣದ ಬುಷ್, ಅಂದರೆ ಸಣ್ಣ ಕೊಳವೆ, ಕಳೆದುಹೋಗಿರುವುದೋ ಅದರ ಸುತ್ತಲಿನ ರಬ್ಬರು ಒಣಗಿ ಬಿರುಸಾಗಿರುವುದೋ ಕಂಡುಬರುತ್ತದೆ. ಬೋಲ್ಟಿನ ಬಿಗಿ ಆ ಕೊಳವೆಯ ಮೇಲೆ ಬೀಳಬೇಕೇ ಹೊರತು ಪ್ಲಾಸ್ಟಿಕ್ಕಿನ ಮೇಲಲ್ಲ. ಕೊಳವೆ ಇಲ್ಲದೆ ಬಿಗಿದರೆ ಪ್ಲಾಸ್ಟಿಕ್ ನುಗ್ಗಾಗುತ್ತಾ ಹೋಗಿ, ಬಿಗಿದಷ್ಟೂ ಬೇಗ ಸಡಿಲವಾಗುತ್ತದೆ. ಹೊಸ ಬುಷ್, ಹೊಸ ರಬ್ಬರು, ಭಾರವನ್ನು ಹರಡುವ ಅಗಲವಾದ ವಾಷರು, ನಡುಕಕ್ಕೆ ತಿರುಗಿ ಬಿಚ್ಚಿಕೊಳ್ಳದ ನೈಲಾನ್ ನಟ್ಟು ಇವಿಷ್ಟರಿಂದಲೇ ಹೆಚ್ಚಿನ ಮಡ್‌ಗಾರ್ಡುಗಳು ಸುಮ್ಮನಾಗುತ್ತವೆ. ಆಗಲೇ ಸೀಳು ಬಿಟ್ಟಿದ್ದರೆ ಸೀಳಿನ ತುದಿಯಲ್ಲಿ ಸಣ್ಣ ದುಂಡು ತೂತು ಕೊರೆಯುವುದರಿಂದ ಅದು ಮುಂದೆ ಹರಿಯುವುದು ನಿಲ್ಲುತ್ತದೆ. ತುದಿಯ ಭಾರ ಹೆಚ್ಚೆನಿಸಿದರೆ ನಂಬರ್ ಪ್ಲೇಟನ್ನು ಒಂದಿಷ್ಟು ಮುಂದಕ್ಕೆ ತರುವುದು, ಅಥವಾ ಬುಡದ ಕೆಳಭಾಗಕ್ಕೆ ಮಾತ್ರ, ಮಡ್‌ಗಾರ್ಡಿನ ಬಾಗಿಗೆ ಸರಿಯಾಗಿ ಬಗ್ಗಿಸಿದ ತೆಳು ಅಲ್ಯೂಮಿನಿಯಂ ಪಟ್ಟಿಯನ್ನು ಕೊಡುವುದು ಸಾಕು. ಕೆಲಸ ಮುಗಿದ ಮೇಲೂ ತುದಿ ಸ್ವಲ್ಪ ಬಾಗುತ್ತಲೇ ಇರುತ್ತದೆ, ಇರಬೇಕು.

ಕರ್ನಾಟಕದ ಜೈನ ತಾರ್ಕಿಕ ಅಕಲಂಕ ಈ ಸ್ಥಿತಿಯನ್ನು ಕಂಡಿದ್ದರೆ ಅದರಲ್ಲಿ ತನ್ನ ಪಕ್ಷದ ಸಮರ್ಥನೆಯನ್ನೇ ಕಾಣುತ್ತಿದ್ದ. ಬೌದ್ಧರೊಡನೆ ಆತ ನಡೆಸಿದ ವಾದವನ್ನು ಶ್ರವಣಬೆಳಗೊಳದ ಹನ್ನೆರಡನೆಯ ಶತಮಾನದ ಮಲ್ಲಿಷೇಣ ಪ್ರಶಸ್ತಿ ಕೊಂಡಾಡುತ್ತದೆ. ಜೈನರ ಅನೇಕಾಂತ, ಅಂದರೆ ವಸ್ತುವಿಗೆ ಹಲವು ಮುಖಗಳು ಏಕಕಾಲಕ್ಕೆ ಸತ್ಯವೆಂಬ ನಿಲುವು, ಅವಯವವೂ ಅವಯವಿಯೂ ಒಂದು ದೃಷ್ಟಿಯಿಂದ ಬೇರೆ, ಇನ್ನೊಂದು ದೃಷ್ಟಿಯಿಂದ ಅಭಿನ್ನ ಎನ್ನುತ್ತದೆ. ಆದ್ದರಿಂದ ಅದೇ ಬೈಕು ಅಲುಗಿತು, ಅಲುಗಲಿಲ್ಲ ಎಂಬ ಎರಡು ಮಾತುಗಳೂ ನಿಲ್ಲುತ್ತವೆ. ಗೋವಿನಕೋವಿಯ ಸೀಮೆಗೆ ಹರಿದುಬರುವ ಮೊದಲು ತುಂಗೆಯೂ ಭದ್ರೆಯೂ ಸೇರುವ ಕೂಡಲಿಯಲ್ಲಿ ಅದ್ವೈತದ ಮಠವೂ ದ್ವೈತದ ಮಠವೂ ಇವೆ, ಮತ್ತು ಈ ಪ್ರಶ್ನೆಯಲ್ಲಿ ಎರಡು ಮತಗಳ ದಾರಿ ಬೇರೆ ಬೇರೆ. ಅವಯವಿ ಎಲ್ಲ ಅವಯವಗಳಲ್ಲಿ ಒಟ್ಟಾಗಿ ಇದೆಯೋ ಪ್ರತಿಯೊಂದರಲ್ಲಿಯೂ ಬಿಡಿಯಾಗಿ ಇದೆಯೋ ಎಂದು ಕೇಳಿ ವೈಶೇಷಿಕರನ್ನು ಇಕ್ಕಟ್ಟಿಗೆ ಸಿಲುಕಿಸಿದ ಶಂಕರರು, ಕಾರ್ಯ ಕಾರಣಕ್ಕಿಂತ ಬೇರೆಯಲ್ಲವೆಂಬ ಸಿದ್ಧಾಂತದತ್ತ ಸಾಗಿದರು. ಮಾಧ್ವ ಸಂಪ್ರದಾಯವಾದರೋ ಅಂಶಿ ಎಂಬ ಹೆಸರಿನಲ್ಲಿ ಇಡಿಯನ್ನು ಹತ್ತು ಪದಾರ್ಥಗಳಲ್ಲಿ ಒಂದಾಗಿ ಎಣಿಸಿತು.

ಯಾವ ಅವಯವ ಮುಖ್ಯ, ಯಾವುದು ಗೌಣ ಎಂಬ ಪ್ರಶ್ನೆಯನ್ನು ಈ ದರ್ಶನಗಳಿಗಿಂತ ಹೆಚ್ಚು ಸೂಕ್ಷ್ಮವಾಗಿ ವಿಚಾರಿಸಿದವರು ಮೀಮಾಂಸಕರು, ಎಂದರೆ ವೈದಿಕ ಕರ್ಮಗಳ ಅರ್ಥನಿರ್ಣಯ ಮಾಡುವವರು. ಅವರ ಪ್ರಕಾರ ಯಾಗವೊಂದರಲ್ಲಿ ಪ್ರಧಾನ ಕರ್ಮವಿರುತ್ತದೆ, ಅದಕ್ಕೆ ನೆರವಾಗುವ ಅಂಗಗಳಿರುತ್ತವೆ. ಫಲವನ್ನು ಬಯಸಿ ಮಾಡುವ ಕಾಮ್ಯ ಕರ್ಮದಲ್ಲಿ ಒಂದು ಅಂಗ ಊನವಾದರೂ ಫಲವಿಲ್ಲ. ದಿನನಿತ್ಯದ ಅಗ್ನಿಹೋತ್ರದಂಥ ನಿತ್ಯಕರ್ಮದಲ್ಲಿ ಶಕ್ತಿಯಿದ್ದಷ್ಟು ಅಂಗಗಳನ್ನು ಮಾಡಿದರೂ ಕರ್ಮ ಸಂಪನ್ನವಾಗುತ್ತದೆ. ಈ ವಿವೇಕ ವಾಹನಕ್ಕೂ ಸಲ್ಲುತ್ತದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಪೂರೈಸಿ, ಹಾಗೆ ಪೂರೈಸಿದ ಮೊದಲ ಭಾರತೀಯರೆನಿಸಿದ ಡಕಾರ್ ರ‍್ಯಾಲಿಯಂಥ ಸ್ಪರ್ಧೆಯಲ್ಲಿ ಒಂದು ಬೋಲ್ಟಿನ ಸಡಿಲವೂ ಅಲಕ್ಷ್ಯಕ್ಕೆ ತಕ್ಕದ್ದಲ್ಲ. ಬೆಳಿಗ್ಗೆ ತೋಟಕ್ಕೆ ನೀರು ಬಿಡಲು ಹೊರಟ ರೈತನಾದರೆ ಮಡ್‌ಗಾರ್ಡ್ ಅಲುಗುತ್ತದೆಂದು ಮನೆಯಲ್ಲಿ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಆದರೂ ಆ ಗೌಣ ಅಂಗ ಬ್ರೇಕ್ ಲೈಟಿನ ತಂತಿಯನ್ನು ಹೊತ್ತಿದೆ, ಬಿಚ್ಚಿ ಬಿದ್ದರೆ ಹಿಂದಿನ ಚಕ್ರಕ್ಕೇ ಸಿಕ್ಕಬಲ್ಲದು ಎಂಬುದರಿಂದ, ಅಂಗದ ಊನವನ್ನು ಆದಷ್ಟು ಬೇಗ ತುಂಬುವುದು ಕರ್ತವ್ಯವಾಗುತ್ತದೆ.

ಧರ್ಮಕೀರ್ತಿಯ ಮೂರನೆಯ ಆಕ್ಷೇಪಕ್ಕೆ, ಒಂದು ಭಾಗಕ್ಕೆ ಬಣ್ಣ ಹಚ್ಚಿದರೆ ಇಡಿಗೆ ಬಣ್ಣ ಬರಬೇಕೆಂಬ ಮಾತಿಗೆ, ಮಹಾನವಮಿಯ ಆಯುಧಪೂಜೆ ಪ್ರತಿ ವರ್ಷ ಉತ್ತರ ಕೊಡುತ್ತಿದೆ. ಆ ದಿನ ಬೈಕನ್ನು ತೊಳೆದು, ಹೂವು ಮುಡಿಸಿ, ಹೆಡ್‌ಲೈಟಿನ ಮೇಲೊಂದಿಷ್ಟು ವಿಭೂತಿ, ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ದಾಟಿಸುವಾಗ, ಕುಂಕುಮ ಬಿದ್ದ ಅಂಗುಲಕ್ಕೆ ಮಾತ್ರ ಪೂಜೆ ಸಂದಿತೆಂದು ಯಾರೂ ಭಾವಿಸುವುದಿಲ್ಲ. ಗಣಪತಿ ವ್ರತದ ಅಂಗಪೂಜೆಯಲ್ಲಿ ಪಾದದಿಂದ ಶಿರಸ್ಸಿನವರೆಗೆ ಒಂದೊಂದು ಅಂಗಕ್ಕೂ ಬೇರೆ ಬೇರೆಯಾಗಿ ಹೂವೇರಿಸಿದರೂ ಪೂಜೆಗೊಂಡವನು ಒಬ್ಬನೇ. ಬಣ್ಣ ಹರಡದಿರಬಹುದು, ಆದರೆ ಗೌರವ ಹರಡುತ್ತದೆ. ಗೌರವದ ಮಟ್ಟಿಗೆ ಇಡಿಯೊಂದು ಇದೆಯೆಂದು ಒಪ್ಪದೆ ಗತಿಯಿಲ್ಲ. ಹಿಂದಿನ ಮಡ್‌ಗಾರ್ಡಿನ ಮೇಲೆ ಉಕ್ಕಡಗಾತ್ರಿ ಕರಿಬಸವೇಶ್ವರ, ತೀರ್ಥರಾಮೇಶ್ವರ ಎಂದೋ ಮನೆದೇವರ ಹೆಸರನ್ನೋ ಬರೆಸುವವರು ಬೈಕಿನ ಅತ್ಯಂತ ಅಲುಗುವ ಭಾಗವನ್ನೇ ಅದಕ್ಕೆ ಆಯ್ದುಕೊಂಡಿರುತ್ತಾರೆ, ಕಾಪಾಡಬೇಕೆಂದು ಕೇಳುವುದು ಮಾತ್ರ ಇಡೀ ಬೈಕನ್ನು ಮತ್ತು ಅದರ ಮೇಲಿರುವ ಜೀವವನ್ನು.

ಆದರೆ ವರ್ಷಕ್ಕೊಮ್ಮೆ ಸಲ್ಲುವ ಪೂಜೆ ಇಡಿತನವನ್ನು ಘೋಷಿಸುತ್ತದೆಯೇ ಹೊರತು ಕಾಪಾಡುವುದಿಲ್ಲ. ಕಾಪಾಡುವ ಮಾತಿಗೆ ಬಂದರೆ ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನ ಪ್ರಸಂಗವೇ ಎಲ್ಲ ಶಾಸ್ತ್ರವಾದಗಳಿಗಿಂತ ಹತ್ತಿರದ್ದು. ಚನ್ನಗಿರಿಗೆ ನೆರೆಯ ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನೊಡನೆ ಜನಶ್ರುತಿ ಈತನ ನೆನಪನ್ನು ಬೆಸೆದಿದೆ. ಹುಲ್ಲು ಕೊಯ್ದು ತಂದು, ಹೊಸೆದು, ದನಕರುಗಳಿಗೆ ಕಟ್ಟುವ ಕಣ್ಣಿ, ಮಿಣಿಗಳನ್ನು ಮಾಡಿ ಮಾರುವುದು ಚಂದಯ್ಯನ ಕಾಯಕ. ಕಾಯಕವೆಂದರೆ ಶರಣರ ಅರ್ಥದಲ್ಲಿ ಹೊಟ್ಟೆಪಾಡಿಗಷ್ಟೇ ಮಾಡುವ ದುಡಿಮೆಯಲ್ಲ, ಸಮಾಜಕ್ಕೂ ಜಂಗಮಕ್ಕೂ ಸಲ್ಲಿಸುವ ಸೇವೆಯಾಗಿ, ತಾನೇ ಪೂಜೆಯಾಗಿ ನಡೆಯುವ ದುಡಿಮೆ. ಶೂನ್ಯಸಂಪಾದನೆಯೆಂಬ ಗ್ರಂಥ ಹೇಳುವ ಪ್ರಕಾರ, ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಆತನ ಮೈಮೇಲಿನ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ದೇಹದಿಂದ ಎಂದೂ ಅಗಲಬಾರದೆಂದು ಶಿವದಾರದಲ್ಲಿ ಕಟ್ಟಿಕೊಂಡ ಲಿಂಗ ಅದು. ಅದರ ಅಗಲಿಕೆ ಶರಣರ ಧರ್ಮದಲ್ಲಿ ಸಾಮಾನ್ಯ ಸಂಗತಿಯಲ್ಲ. ಚಂದಯ್ಯ ಅದಕ್ಕಾಗಿ ಕಾಯಕ ನಿಲ್ಲಿಸಲಿಲ್ಲ, ಹುಲ್ಲಿನ ಹೊರೆ ಹೊತ್ತು ನಡೆದ. ಲಿಂಗವೇ ಹಿಂದೆ ಬಂದು ಬೇಡಿಕೊಂಡಿತು, ಕೊನೆಗೆ ಇನ್ನೊಬ್ಬ ಶರಣ ಮಡಿವಾಳ ಮಾಚಯ್ಯ ನಡುವೆ ಬಂದು ಇಬ್ಬರನ್ನೂ ಕೂಡಿಸಬೇಕಾಯಿತು.

ಈ ಕತೆಯನ್ನು ಪವಾಡವೆಂದು ಓದಿ ಮುಗಿಸುವುದುಂಟು, ಲಿಂಗದ ಅವಹೇಳನವೆಂದು ಅಂಜುವುದೂ ಉಂಟು. ಎರಡೂ ಓದು ಸಾಲದು. ಗಂಟು ಬಿಚ್ಚಿಹೋಗಿದ್ದರೂ ಸಂಬಂಧ ಕೆಟ್ಟಿರಲಿಲ್ಲ ಎಂಬುದು ಅಲ್ಲಿನ ಮುಖ್ಯ ಮಾತು, ಏಕೆಂದರೆ ಅಂಗವನ್ನೂ ಲಿಂಗವನ್ನೂ ನಿಜವಾಗಿ ಕೂಡಿಸಿದ್ದು ದಾರವಲ್ಲ, ಕಾಯಕ. ಕೂಡಿಸುವ ಕೆಲಸವನ್ನೇ ಕಾಯಕವಾಗಿ ಹಿಡಿದವನು ಹಗ್ಗ ಹೊಸೆಯುವ ಚಂದಯ್ಯನಾಗಿರುವುದು ಆಕಸ್ಮಿಕವಲ್ಲ. ಎತ್ತಿನ ಬಂಡಿಯಲ್ಲಿ ನೊಗವನ್ನು ಮೂಕಿಗೆ ಕಟ್ಟುವುದು ಹಗ್ಗದಿಂದ. ಕಬ್ಬಿಣದ ಕೀಲು ಹಾಕಿ ಅಲುಗದಂತೆ ಬಿಗಿದರೆ ಎತ್ತುಗಳ ಹೆಗಲು ಹುಣ್ಣಾಗುತ್ತದೆ, ದಾರಿಯ ತಿರುವಿನಲ್ಲಿ ಮೂಕಿ ಮುರಿಯುತ್ತದೆ, ಹಗ್ಗ ಸಡಿಲವಾದರೆ ನೊಗವೇ ಕಳಚುತ್ತದೆ. ಬಿಗಿಯೊಳಗೆ ಒಂದಿಷ್ಟು ತೊನೆತಕ್ಕೆ ಎಡೆಯಿಡುವ ಆ ಕಟ್ಟಿನ ಅರಿವೇ ಇಂದು ರಬ್ಬರು, ಬುಷ್, ವಾಷರುಗಳಾಗಿ ಗ್ಯಾರೇಜಿಗೆ ಬಂದಿದೆ. ಗೋವಿನಕೋವಿಯ ದಾರಿಗಳಲ್ಲಿ ಬಂಡಿಯ ಜಾಡಿನ ಮೇಲೆಯೇ ಬೈಕು ಓಡುತ್ತಿದೆ; ಎರಡನ್ನೂ ಅಲುಗಿಸುವುದು ಅದೇ ಗುಂಡಿ.

ಅವಯವಿ ಇದೆಯೋ ಇಲ್ಲವೋ ಎಂದು ಕೇಳಿದವರು ಅದನ್ನು ನೋಡುವವನ ದೃಷ್ಟಿಯಿಂದ ಕೇಳಿದರು. ಕಣ್ಣಿಗೆ ಕಾಣುವುದು ಒಂದೋ ಹಲವೋ ಎಂಬುದೇ ಅವರಿಗೆ ನಿರ್ಣಾಯಕವಾಯಿತು. ಶರಣರ ಕಡೆಯಿಂದ ನೋಡಿದರೆ ಪ್ರಶ್ನೆ ಬೇರೆಯಾಗುತ್ತದೆ: ಇದನ್ನು ಒಂದಾಗಿ ಇಟ್ಟಿರುವುದು ಯಾರ ಕೈ? ಮಣ್ಣಿನ ಮಡಕೆಯಲ್ಲಿ ಹಿಡಿತವನ್ನು ತರುವುದು ನೀರು ಮತ್ತು ಬೆಂಕಿ ಎಂದು ಹೇಳಿದ ವಾತ್ಸ್ಯಾಯನನ ಪಟ್ಟಿಯಲ್ಲಿ, ಮಣ್ಣನ್ನು ಹದಮಾಡಿದ, ಆವಿಗೆಗೆ ಬೆಂಕಿಯಿಟ್ಟ ಕುಂಬಾರನ ಹೆಸರಿಲ್ಲ. ಆ ಹೆಸರನ್ನು ಸೇರಿಸಿದ್ದು ಕಲ್ಯಾಣದ ಶರಣರು. ಅಂಬಿಗ, ಮಡಿವಾಳ, ಮೇದಾರ, ಸಮಗಾರ, ಬಡಗಿಯರ ಕಾಯಕಗಳು ಧರ್ಮವಿಚಾರದ ನಡುಮನೆಗೆ ಬಂದದ್ದರಿಂದಲೇ, ಗ್ರೀಸಿನ ಮೇಲೆ ಧೂಳು ಕೂತ ಕೈಯಿಂದ ಸಡಿಲ ಬೋಲ್ಟನ್ನು ಬಿಗಿಯುವವನ ಕೆಲಸವನ್ನು ದರ್ಶನದ ಮಾತಿನಲ್ಲಿ ಚರ್ಚಿಸುವುದು ಕನ್ನಡದಲ್ಲಿ ಅಸಹಜವೆನಿಸುವುದಿಲ್ಲ.

ಮಡ್‌ಗಾರ್ಡ್ ರಿಪೇರಿಗೆ ಮೀರಿ ಸೀಳಿದ್ದರೆ ಅದನ್ನು ತೆಗೆದು ಹೊಸದನ್ನು ಹಾಕಬೇಕಾಗುತ್ತದೆ. ಅಥೆನ್ಸಿನವರು ಥೀಸಿಯಸನ ಹಡಗಿನ ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತಾ ಬಂದಾಗ ಅದು ಅದೇ ಹಡಗೋ ಬೇರೆಯೋ ಎಂದು ತತ್ವಜ್ಞರು ವಾದಿಸಿದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ವೈಶೇಷಿಕರು ಇಂಥಲ್ಲಿ ಹಿಂಜರಿಯುವುದಿಲ್ಲ: ಒಂದು ಅವಯವ ಹೋದರೆ ಹಳೆಯ ಅವಯವಿ ನಾಶವಾಯಿತು, ಇನ್ನೊಂದು ಬಂದರೆ ಹೊಸ ಅವಯವಿ ಹುಟ್ಟಿತು, ಅದೇ ಬೈಕೆಂಬ ಅರಿವು ಸಾಮ್ಯದಿಂದ ಬಂದದ್ದು ಎನ್ನುತ್ತಾರೆ. ಸಾರಿಗೆ ಇಲಾಖೆಯ ನೋಂದಣಿ ಪುಸ್ತಕ ಇದಕ್ಕೆ ವಿರುದ್ಧವಾಗಿ ಚಾಸಿಯ ಸಂಖ್ಯೆ, ಎಂಜಿನ್ನಿನ ಸಂಖ್ಯೆ ಎರಡನ್ನೇ ಗುರುತಾಗಿ ಹಿಡಿಯುತ್ತದೆ; ಮಡ್‌ಗಾರ್ಡ್ ಎಷ್ಟು ಸಲ ಬದಲಾದರೂ ದಾವಣಗೆರೆಯ ಕೆಎ–17 ಸಂಖ್ಯೆಯಡಿ ಅದು ಅದೇ ವಾಹನ. ರಿಪೇರಿ ಮಾಡುವವನಿಗೆ ಈ ಎರಡು ಉತ್ತರಗಳಲ್ಲಿ ಯಾವುದೂ ಪೂರ್ತಿ ಸಾಲದು. ಪ್ರತಿ ಬದಲಾವಣೆಗೂ ವಸ್ತು ಹೊಸದಾಗುವುದಾದರೆ ಹಳೆಯದಕ್ಕೆ ತಾನು ಹೊಣೆಯೆಂಬ ಭಾವಕ್ಕೆ ನೆಲೆಯಿಲ್ಲ. ಎಷ್ಟು ಬದಲಾದರೂ ತಾನಾಗಿಯೇ ಅದೇ ಆಗಿ ಉಳಿಯುವುದಾದರೆ ಹೊಣೆ ಹೊರುವ ಅಗತ್ಯವೇ ಇಲ್ಲ. ಸಂಯೋಗವೆಂಬುದು ಅನಿತ್ಯ, ಅದು ವಿಭಾಗದಲ್ಲಿ ಮುಗಿಯುವಂಥದು ಎಂದು ವೈಶೇಷಿಕರೇ ಹೇಳಿದ್ದಾರೆ. ಹೊಸ ರಬ್ಬರು ಕೂಡ ಕೆಲವು ದಿನಗಳ ಓಟದಲ್ಲಿ ತನ್ನ ಜಾಗಕ್ಕೆ ಕೂತು ತುಸು ತೆಳುವಾಗುವುದರಿಂದ, ಆಗ ಬುಡದ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಬೇಕಾಗುತ್ತದೆ. ಅದಾದ ಮೇಲೆ ಪ್ರತಿ ಮಳೆಗಾಲದ ಮುಂಚೆಯೂ.